ನಿಂಗಾಜವ್ವ ಗಾಣಕ್ಕೆ ಹೆಣ್ಣು ತಂದದ್ದು

ಬಹಳ ಹಿಂದೆ, ಒಂದೂರು. ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ. ಕೇಳಿದವರಿಗೆಲ್ಲ ನಾನು ಬೇರೆ ಬೇರೆ ಲೆಕ್ಕ ಕೊಟ್ಟಿದ್ದೇನೆ, ಎಲ್ಲರೂ ನಂಬಿದ್ದಾರೆ. ಊರಿನ ಹೆಸರು ತೊರೆಕೊಪ್ಪಲು. ತೊರೆ ಇತ್ತು, ಕೊಪ್ಪಲು ಇತ್ತು, ಕೊಪ್ಪಲಿನ ಕೊನೇ ಮನೆಯಲ್ಲಿ ನಿಂಗಾಜವ್ವ ಎಂಬ ಮುದುಕಿ ಇದ್ದಳು, ಹಾಗಂತಾರೆ. ಅವಳ ಗಂಡ ದ್ಯಾವಣ್ಣನೂ ಇದ್ದ. ಆದರೆ ಅವನು ಇದ್ದದ್ದು ಯಾರಿಗೂ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಏಕೆಂದರೆ ಅವನು ಮಾತಾಡುತ್ತಿದ್ದದ್ದು ವರ್ಷಕ್ಕೊಮ್ಮೆ. ಅದೂ ಮಳೆ ಚೆನ್ನಾಗಿ ಆದರೆ.

ಇಬ್ಬರಿಗೂ ಮಕ್ಕಳಿರಲಿಲ್ಲ. ಆದರೂ ಆ ಸೀಮೆಯಲ್ಲಿ ನಿಂಗಾಜವ್ವ ಹೋಗದ ಮದುವೆ ಇರಲಿಲ್ಲ, ಹಾಗಂತಾರೆ. ಎಲ್ಲೋ ದೂರದ ಊರಲ್ಲಿ ವಾಲಗದವನು ಓಲಗಕ್ಕೆ ಉಸಿರು ತುಂಬಿದರೆ ಸಾಕು, ಇಲ್ಲಿ ಇವಳ ಕಿವಿ ನಿಮಿರುತ್ತಿತ್ತು. ಒಂದು ಸಲ ಎರಡು ಊರುಗಳಲ್ಲಿ ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಿದ್ದವು. ಒಂದು ಊರಿನವರು ಅವಳು ತಾಳಿ ಕಟ್ಟುವಾಗ ನಮ್ಮಲ್ಲೇ ಇದ್ದಳು ಎಂದು ಆಣೆ ಇಟ್ಟರು. ಇನ್ನೊಂದು ಊರಿನವರು ಅದೇ ಗಳಿಗೆಯಲ್ಲಿ ಅವಳು ನಮ್ಮ ಪಂಕ್ತಿಯಲ್ಲಿ ಪಾಯಸಕ್ಕೆ ಎಲೆ ಒಡ್ಡಿದ್ದಳು ಎಂದು ಆಣೆ ಇಟ್ಟರು. ಕೆಲವರು ಅವಳು ಓಡಿದಳು ಅನ್ನುತ್ತಾರೆ, ಕೆಲವರು ಹಾರಿದಳು ಅನ್ನುತ್ತಾರೆ. ನಾನು ಹಾರಿದಳು ಅನ್ನುವವರ ಪಕ್ಷ.

ಹೋದ ಮನೆಗೆಲ್ಲ ಮುಯ್ಯಿ ಹಾಕುತ್ತಿದ್ದಳು. ಮುಯ್ಯಿ ಗೊತ್ತಲ್ಲ, ಮದುವೆಗೆ ಹೋದವರು ಕೊಡುವ ಉಡುಗೊರೆ. ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ತೆಗೆದುಕೊಂಡವರು ಅದನ್ನು ತಿರುಗಿ ಹಾಕಬೇಕು, ಸಾಧ್ಯವಾದರೆ ಒಂದು ಹಿಡಿ ಹೆಚ್ಚಿಗೆ. ಹಾಕದಿದ್ದರೆ ಆ ಮನೆಯವರು ನೀರಿಗೆ ಹೋದರೂ ತಲೆ ತಗ್ಗಿಸಿಯೇ ಹೋಗಬೇಕು. ನಿಂಗಾಜವ್ವ ಒಂದು ಮನೆಗೆ ತುಪ್ಪ, ಒಂದು ಮನೆಗೆ ಕೋಳಿ, ಒಂದು ಮನೆಗೆ ಹೊಸ ಮೊರ, ಒಂದು ಮನೆಗೆ ಬಾಳೆಗೊನೆ, ಹೀಗೆ ಹಾಕುತ್ತಲೇ ಇದ್ದಳು. ತಿರುಗಿ ಪಡೆಯುವುದಕ್ಕೆ ಅವಳ ಮನೆಯಲ್ಲಿ ಮದುವೆಯಾಗುವ ಜೀವವೇ ಇರಲಿಲ್ಲ. ಜನ ಅಯ್ಯೋ ಪಾಪ ಎಂದು ಲೊಚಗುಟ್ಟಿ, ಕೊಟ್ಟದ್ದನ್ನು ಮಾತ್ರ ಭದ್ರವಾಗಿ ಒಳಗೆ ಇಟ್ಟುಕೊಳ್ಳುತ್ತಿದ್ದರು.

ಹೀಗಿರುವಾಗ ಆ ಊರಿನ ಎಳೆಯ ಸಂಸಾರಗಳಿಗೆ ಒಂದು ಕಷ್ಟ ಬಂತು.

ಅಣ್ಣತಮ್ಮಂದಿರ ಮನೆಗಳಲ್ಲಿ ಪಾಲು ಮಾಡುವಾಗ ಹಿರಿಯರೆಲ್ಲ ಒಳ್ಳೊಳ್ಳೆ ಹೊಲ ಹಿಡಿದು, ಕಿರಿಯರಿಗೆ ತೊರೆ ಪಕ್ಕದ ಕಳ್ಳಿಕಾಡನ್ನು ಬಿಟ್ಟಿದ್ದರು. ಮುಳ್ಳು, ಹುತ್ತ, ಕಲ್ಲು. ಆ ಕಿರಿಯರಲ್ಲಿ ಚನ್ನಿಗ ಅಂತ ಒಬ್ಬ, ಅವನ ಹೆಂಡತಿ ಈರಾಜಿ. ಚನ್ನಿಗನಿಗೆ ತೋಳು ಗಟ್ಟಿ, ಈರಾಜಿಗೆ ಬಾಯಿ ಗಟ್ಟಿ. ಇವರಿಬ್ಬರೂ ಮುಂದೆ ನಿಂತು ಉಳಿದ ಎಳೆಯರನ್ನು ಕೂಡಿಸಿಕೊಂಡು ಆ ಮುಳ್ಳುಕಾಡನ್ನು ಕಡಿದು, ಸುಟ್ಟು, ಅಗೆದು, ಆ ಸೀಮೆಯ ಬಡವರು ಯಾರೂ ಕೈ ಹಾಕದ ಬೆಳೆಗೆ ಕೈ ಹಾಕಿದರು. ಕಬ್ಬು! ತೊರೆಯ ನೀರು ಕುಡಿದ ಕಬ್ಬು ಆಳೆತ್ತರ ಮೀರಿ ಬೆಳೆಯಿತು. ಒಳಗೆ ನುಗ್ಗಿದ ಆನೆಯೊಂದು ದಾರಿ ತಪ್ಪಿ ಮೂರು ದಿನ ಅಲ್ಲೇ ಇತ್ತು ಅಂತಾರೆ. ಆ ಸೀಮೆಗೆ ಆನೆ ಬರುವುದಿಲ್ಲ, ಆದರೂ ಅಂತಾರೆ.

ಕಬ್ಬೇನೋ ಬಂತು. ಆದರೆ ಕಬ್ಬನ್ನು ಕಡಿದು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅರೆಯುವುದಕ್ಕೆ ಗಾಣ ಬೇಕು, ಗಾಣಕ್ಕೆ ಎತ್ತು ಬೇಕು, ಹಾಲು, ಅಂದರೆ ಕಬ್ಬಿನ ರಸ, ಕಾಯಿಸಲು ಒಲೆ ಬೇಕು, ಒಲೆಯ ಮೇಲೆ ದೊಡ್ಡ ತಾಮ್ರದ ಕೊಪ್ಪರಿಗೆ ಬೇಕು, ಮೇಲೊಂದು ಮಾಡು ಬೇಕು. ಇಷ್ಟೂ ಸೇರಿದರೆ ಆಲೆಮನೆ. ಇಷ್ಟರಲ್ಲಿ ಒಂದೂ ಅವರ ಹತ್ತಿರ ಇರಲಿಲ್ಲ. ಬೆಳೆಯುವ ಹುಮ್ಮಸ್ಸಿನಲ್ಲಿ ಅರೆಯುವುದನ್ನು ಯಾರೂ ಯೋಚಿಸಿಯೇ ಇರಲಿಲ್ಲ. ಹೊಸದಾಗಿ ಶುರು ಮಾಡುವವರೆಲ್ಲ ಹೀಗೆಯೇ, ಅವರನ್ನು ನೋಡಿ ನಗಬೇಡಿ.

ಆಲೆಮನೆ ಇದ್ದದ್ದು ಪಕ್ಕದ ಸೋಗೆಪುರದಲ್ಲಿ, ಪಟೇಲ ಚೌಡೇಗೌಡರ ಹಟ್ಟಿಯ ಹಿಂದೆ. ಎಳೆಯರು ಹೋಗಿ ಕೇಳಿದರು. ಚೌಡೇಗೌಡರು ಮೀಸೆ ತಿರುವಿ, ಓಹೋ ಧಾರಾಳವಾಗಿ ಅರೆಸಿಕೊಡೋಣ, ಬೆಲ್ಲದಲ್ಲಿ ಅರ್ಧ ನನ್ನದು, ತೊರೆ ಪಕ್ಕದ ಭೂಮಿಯೂ ನನ್ನ ಹೆಸರಿಗೆ ಬರಲಿ, ನೀವು ಅದರಲ್ಲೇ ಕೂಲಿ ಮಾಡಿಕೊಂಡಿರಿ, ಹೊಟ್ಟೆಗೆ ಮೋಸ ಇಲ್ಲ ಎಂದರಂತೆ. ಬಹಳ ಪ್ರೀತಿಯಿಂದಲೇ ಹೇಳಿದರಂತೆ. ಪ್ರೀತಿಯಿಂದ ಹೇಳಿದ್ದಕ್ಕೇ ಇವರಿಗೆ ಹೆಚ್ಚು ಹೆದರಿಕೆಯಾಯಿತು.

ಕಬ್ಬು ಸೂಲಂಗಿ ಬಿಟ್ಟು ಹೂವಾದರೆ ರಸ ಬತ್ತುತ್ತದೆ, ಒಳಗೆಲ್ಲ ಬೆಂಡು. ಅಷ್ಟರೊಳಗೆ ಗಾಣ ಆಗಬೇಕು. ಇಲ್ಲವಾದರೆ ಹೋಗುವುದು ಒಂದು ವರ್ಷದ ಬೆಳೆಯಲ್ಲ, ತಾವೇ ಕಡಿದು ಮಾಡಿದ ಭೂಮಿ.

ಈರಾಜಿ ತೊರೆಯಲ್ಲಿ ಬಟ್ಟೆ ಒಗೆಯುತ್ತ ಈ ಸಂಕಟವನ್ನೆಲ್ಲ ಕಲ್ಲಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಪಕ್ಕದ ಕಲ್ಲಿನಲ್ಲಿ ನಿಂಗಾಜವ್ವ ಇದ್ದಳು. ಇವಳ ಸಿಟ್ಟು ಅವಳ ಮೇಲೆ ತಿರುಗಿತು.

"ಅಲ್ಲ ಕಣಜ್ಜಿ, ಈ ಸೀಮೇಲಿ ನೀನು ಮುಯ್ಯಿ ಹಾಕ್ದೆ ಇರೋ ಮನೆ ಐತಾ? ಅದನ್ನೆಲ್ಲ ಮಡಗಿದ್ರೆ ಇವತ್ತು ಗಾಣ ಅಲ್ಲ, ಗಾಣದ ಅಪ್ಪನ್ನೇ ತರಬೌದಾಗಿತ್ತು. ಎಲ್ಲಾ ನೀರಿಗೆ ಹಾಕ್ದೆ. ಇನ್ನು ನಿನ್ನ ಮನೇಲಿ ಮದ್ವೆ ಆಗೋರು ಯಾರವ್ರೆ? ನೀನಾ, ದ್ಯಾವಜ್ಜನಾ?"

ಒಗೆಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಮಕ್ಕಳಿಲ್ಲದವಳಿಗೆ ಆಡುವ ಮಾತಲ್ಲ ಅದು. ಈರಾಜಿಗೂ ಆಡಿದ ಮೇಲೆ ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡಳು. ನಿಂಗಾಜವ್ವ ಮಾತ್ರ ಸೀರೆ ಹಿಂಡುವುದನ್ನು ಬಿಟ್ಟು ಸುಮ್ಮನೆ ನೀರು ನೋಡಿದಳು. ನೋಡಿದಳು, ನೋಡಿದಳು, ಆಮೇಲೆ ನಗಲು ಶುರು ಮಾಡಿದಳು. ನಕ್ಕ ನಗೆಗೆ ತೊರೆಯ ಮೀನು ದಡಕ್ಕೆ ಹಾರಿದವು ಅಂತಾರೆ.

"ಮೂದೇವಿ, ಬಾಯಿ ಬುಟ್ರೆ ಬೆಂಕಿ ನೀನು. ಆದ್ರೂ ಒಳ್ಳೇ ಮಾತು ಆಡ್ದೆ. ಹೋಗು, ಊರಿಗೆಲ್ಲ ಹೇಳು. ನಿಂಗಾಜಿ ಮಗನಿಗೆ ಮದ್ವೆ ಗೊತ್ತಾಯ್ತು ಅಂತ."

"ಯಾವ ಮಗ ಅಜ್ಜಿ?"

"ಮಾಡಿಸ್ತೀನಿ ಕಣೆ. ಆಚಾರಿ ಅವ್ನಲ್ಲ."

ಆ ಕಾಲದ ಕಬ್ಬಿನ ಗಾಣ ಹೇಗಿತ್ತು ಎಂದು ಇಲ್ಲಿ ಹೇಳಿಬಿಡುತ್ತೇನೆ. ಎರಡು ದಪ್ಪ ಮರದ ಉರುಳೆಗಳು ಅಕ್ಕಪಕ್ಕ ನೆಟ್ಟಗೆ ನಿಂತಿರುತ್ತವೆ. ಎರಡರ ತಲೆಯಲ್ಲೂ ಸುರುಳಿಯಾಗಿ ಕೊರೆದ ಹಲ್ಲುಗಳು. ಒಂದರ ಹಲ್ಲು ಬಲಕ್ಕೆ ಸುತ್ತಿಕೊಂಡಿದ್ದರೆ ಇನ್ನೊಂದರದು ಎಡಕ್ಕೆ. ಎತ್ತು ತೊಲೆಯನ್ನು ಎಳೆದು ಒಂದನ್ನು ತಿರುಗಿಸಿದರೆ, ಅದು ಇನ್ನೊಂದರ ಹಲ್ಲು ಹಿಡಿದು ತಿರುಗಿಸುತ್ತದೆ, ನಡುವೆ ಇಟ್ಟ ಕಬ್ಬು ಹಾಲು ಬಿಡುತ್ತದೆ. ಒಂದನ್ನು ಗಂಡು ಅನ್ನುತ್ತಿದ್ದರು, ಒಂದನ್ನು ಹೆಣ್ಣು ಅನ್ನುತ್ತಿದ್ದರು. ಅಂದಮೇಲೆ ಮದುವೆ ಮಾಡಿದರೆ ತಪ್ಪೇನು ಎಂದು ನಿಂಗಾಜವ್ವ ಕೇಳಿದಳು.

ಊರ ಹಿರಿಯರು ಹುಬ್ಬು ಹಾರಿಸಿದರಂತೆ. ಮರದ ತುಂಡಿಗೆ ಮದುವೆಯೇ, ಅದಕ್ಕೆ ನಾವು ಮುಯ್ಯಿ ಬೇರೆ ಹಾಕಬೇಕೇ ಎಂದರಂತೆ. ಅವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಹೋದ ವರ್ಸ ಮಳೆ ಬರ್ಲಿಲ್ಲ ಅಂತ ಕಪ್ಪೆಗೆ ಮದ್ವೆ ಮಾಡಿ ಊಟ ಹಾಕ್ದೋರು ಯಾರು? ಅರಳಿ ಮರಕ್ಕೂ ಬೇವಿನ ಮರಕ್ಕೂ ತಾಳಿ ಕಟ್ಸಿದೋರು ಯಾರು? ಕಪ್ಪೆ ನಿಮಗೆ ತಿರುಗಿ ಏನು ಕೊಡ್ತು ಹೇಳಿ. ನನ್ನ ಮಗ ಬೆಲ್ಲ ಕೊಡ್ತಾನೆ."

ಕಪ್ಪೆಯ ಮದುವೆಯಲ್ಲಿ ಹುಡುಗಿ ಕಡೆಯವರಾಗಿ ನಿಂತಿದ್ದ ಹಿರಿಯರೊಬ್ಬರು ಅಲ್ಲೇ ಇದ್ದರು. ಅವರು ಮೊದಲು ಎದ್ದು ಹೋದರು. ಮಿಕ್ಕವರೂ ಹೋದರು. ಅದನ್ನೇ ಒಪ್ಪಿಗೆ ಎಂದು ತಿಳಿದಳು ನಿಂಗಾಜವ್ವ.

ಮುದ್ದಾಚಾರಿ ಎಂಬ ಬಡಗಿ ಆ ಊರಲ್ಲಿದ್ದ. ಬಾಗಿಲು ಮಾಡಿದ್ದ, ನೇಗಿಲು ಮಾಡಿದ್ದ, ತೊಟ್ಟಿಲು ಮಾಡಿದ್ದ. ಗಾಣ ಮಾಡಿರಲಿಲ್ಲ. ಆದರೆ ಮಾಡಿಲ್ಲ ಎಂದು ಹೇಳುವ ಅಭ್ಯಾಸವೂ ಅವನಿಗೆ ಇರಲಿಲ್ಲ. ಸೋಗೆಪುರಕ್ಕೆ ಹುಲ್ಲು ಕೊಳ್ಳುವವನ ಹಾಗೆ ಹೋಗಿ, ಚೌಡೇಗೌಡರ ಗಾಣದ ಪಕ್ಕ ನಿಂತು, ಯಾರೂ ನೋಡದಾಗ ಬಾಳೆನಾರಿನಲ್ಲಿ ಉರುಳೆಯ ಅಳತೆ, ಹಲ್ಲಿನ ಅಳತೆ, ಸುರುಳಿಯ ಅಳತೆ ಹಿಡಿದು ತಂದ. ದೊಡ್ಡ ಕರಿಜಾಲಿ ಮರ ಕಡಿದು, ಗುಡಿಸಲ ಬಾಗಿಲಿಗೆ ಕಂಬಳಿ ಕಟ್ಟಿಕೊಂಡು, ಒಳಗೆ ಕೆತ್ತಲು ಕೂತ. ಯಾರನ್ನೂ ಒಳಗೆ ಬಿಡಲಿಲ್ಲ. ಮದುವೆಗೆ ಮುಂಚೆ ಹೆಣ್ಣುಗಂಡನ್ನು ನೋಡಬಾರದು ಎಂದನಂತೆ.

ಇತ್ತ ನಿಂಗಾಜವ್ವ ಅಕ್ಷತೆ ಹಿಡಿದು ಊರೂರು ತಿರುಗಿದಳು. ಅವಳು ಮದುವೆಗೆ ಕರೆದ ಬಗೆಯನ್ನು ಹೇಳದಿದ್ದರೆ ಈ ಕಥೆಗೆ ಉಪ್ಪೇ ಇಲ್ಲ. ಮನೆ ಬಾಗಿಲಿಗೆ ಹೋಗಿ, ನನ್ನ ಮಗನ ಮದುವೆ, ಬರಬೇಕು ಎನ್ನುವಳು. ಮಗ ಯಾವಾಗ ಹುಟ್ಟಿದ ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ, ಹುಡುಗ ಬಹಳ ಗಟ್ಟಿ ಕಣವ್ವ, ಮಾತು ಕಮ್ಮಿ, ಅಪ್ಪನ ಹಾಗೆ, ಎದ್ದು ನಿಂತರೆ ಕೂರುವವನಲ್ಲ, ಕಬ್ಬು ಅಂದರೆ ಪ್ರಾಣ ಎನ್ನುವಳು. ಆಮೇಲೆ ದನಿ ಇಳಿಸಿ, ಅವನಿಗೆ ಬೆಳ್ಳಿ ಗಿಳ್ಳಿ ಸೇರಲ್ಲ, ಹೊಸ ಹಗ್ಗ ಅಂದರೆ ಬಲು ಇಷ್ಟ ಎನ್ನುವಳು. ಮುಂದಿನ ಮನೆಯಲ್ಲಿ, ಅವನಿಗೆ ಮೇಲೆ ಹೊದಿಸುವ ತೆಂಗಿನ ಗರಿ ಅಂದರೆ ಇಷ್ಟ. ಕಮ್ಮಾರನ ಮನೆಯಲ್ಲಿ, ಅವನು ಸೊಂಟಕ್ಕೆ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಾನೆ, ಚಿಕ್ಕಂದಿನಿಂದ ಅಭ್ಯಾಸ. ಎತ್ತು ಇದ್ದ ಮನೆಯಲ್ಲಿ, ಅವನಿಗೆ ಜೋಡೆತ್ತು ಸುತ್ತ ತಿರುಗುತ್ತಿದ್ದರೆ ಮಾತ್ರ ಮನಸ್ಸಿಗೆ ಹಿತ.

ಹೊರಡುವಾಗ ಹೊಸಿಲಲ್ಲಿ ನಿಂತು ತಲೆ ಅಲ್ಲಾಡಿಸಿ, "ನಾನು ನಿಮ್ಮನೆಗೆ ಏನು ಹಾಕಿದ್ದೆ, ನೆನಪೈತಲ್ಲ?" ಎನ್ನುವಳು.

ಅವಳಿಗೇ ಅದು ನೆನಪಿರಲಿಲ್ಲ ಎನ್ನುವುದು ನನಗೂ ನಿಮಗೂ ಮಾತ್ರ ಗೊತ್ತು. ಆ ಮನೆಯವರಿಗೂ ನೆನಪಿರಲಿಲ್ಲ. ಕೊಟ್ಟಿದ್ದು ಕೋಳಿಯೋ ಕುರಿಯೋ ತಿಳಿಯದೆ, ಕಡಿಮೆ ಹಾಕಿ ಮಾನ ಕಳೆದುಕೊಳ್ಳುವುದಕ್ಕಿಂತ ಹೆಚ್ಚೇ ಹಾಕಿಬಿಡೋಣ ಎಂದು ಗಂಡ ಹೆಂಡತಿ ಗುಸುಗುಸು ಮಾಡಿಕೊಂಡರು. ಹೀಗೆ ಒಂದೊಂದು ಮನೆಯಲ್ಲೂ. ಬಾಳೆಗೊನೆ ಪಡೆದವನು ಎತ್ತು ಕಳಿಸಲು ತಯಾರಾದ.

ಎಲ್ಲ ಸರಿಹೋಯಿತು ಅನ್ನುವಾಗ ಮುದ್ದಾಚಾರಿ ಕಂಬಳಿ ಸರಿಸಿ ಹೊರಗೆ ಬಂದ. ಮುಖ ಬೂದಿಯಾಗಿತ್ತು. ನಿಂಗಾಜವ್ವ, ಚನ್ನಿಗ, ಈರಾಜಿ ಒಳಗೆ ಹೋಗಿ ನೋಡಿದರು. ಎರಡು ಉರುಳೆ, ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿದ್ದವು. ಚನ್ನಿಗ ಎರಡನ್ನೂ ಹತ್ತಿರ ತಂದು ಹಲ್ಲು ಕೂಡಿಸಿದ. ಕೂಡಲಿಲ್ಲ. ತಿರುಗಿಸಿದ. ಎರಡೂ ಒಂದನ್ನೊಂದು ಗುದ್ದಿದವು.

ಆಗಿದ್ದು ಏನೆಂದರೆ, ಗೌಡರ ಗಾಣದಲ್ಲಿ ಮುದ್ದಾಚಾರಿಗೆ ಕೈಗೆ ಸಿಕ್ಕಿದ್ದು ಇತ್ತಲಿನ ಉರುಳೆ ಮಾತ್ರ. ಅತ್ತಲಿನದರ ಮುಂದೆ ಗೌಡರ ನಾಯಿ ಮಲಗಿತ್ತು. ಒಂದರ ಅಳತೆ ತಂದು ಅದರ ಹಾಗೆಯೇ ಎರಡು ಮಾಡಿದ್ದ. ಎರಡರ ಸುರುಳಿಯೂ ಬಲಕ್ಕೇ.

"ಇಬ್ಬರೂ ಗಂಡು ಕಣಣ್ಣಯ್ಯ!" ಎಂದು ಈರಾಜಿ ಹಣೆ ಚಚ್ಚಿಕೊಂಡಳು. "ಹೆಣ್ಣೆಲ್ಲಿ?"

"ನಾಯಿ ಇತ್ತು ಕಣವ್ವ" ಎಂದ ಮುದ್ದಾಚಾರಿ.

ಹೊಸದಾಗಿ ಮರ ಕಡಿದು ಕೆತ್ತುವುದಕ್ಕೆ ಹೊತ್ತಿರಲಿಲ್ಲ. ಕಬ್ಬು ಕಾಯುವುದಿಲ್ಲ, ಕರೆದ ಜನ ಕಾಯುವುದಿಲ್ಲ. ಎರಡು ದಿನ ಕಳೆದರೆ ಸೀಮೆಯೆಲ್ಲ ಬಂದು ಇಳಿಯುತ್ತದೆ. ಬಂದವರು ಇಬ್ಬರು ಗಂಡುಗಳ ಮದುವೆ ನೋಡಿ ನಕ್ಕು, ತಂದ ಹಗ್ಗ ತೆಂಗಿನಗರಿ ಎತ್ತಿಕೊಂಡು ತಿರುಗಿ ಹೋಗುತ್ತಾರೆ. ಒಮ್ಮೆ ತಿರುಗಿ ಹೋದ ಮುಯ್ಯಿ ಮತ್ತೆ ಬರುವುದಿಲ್ಲ. ಚನ್ನಿಗ ಉರುಳೆಯ ಮೇಲೆ ಕೂತು, ಇನ್ನು ಗೌಡರ ಕಾಲಿಗೇ ಬೀಳಬೇಕು ಎಂದ.

ಬೀಳೋಣಂತೆ, ಆದರೆ ತಟ್ಟೆ ಹಿಡಿದುಕೊಂಡು ಬೀಳೋಣ ಎಂದಳು ನಿಂಗಾಜವ್ವ. ಮುದ್ದಾಚಾರಿಯನ್ನು ಕರೆದು, ಗೌಡರ ಹಟ್ಟಿಯಲ್ಲಿ ಬೇರೆ ಏನೇನು ನೋಡಿದೆ ಎಂದು ಕೇಳಿದಳು. ಹಳೇ ಗಾಣದ್ದೊಂದು ಉರುಳೆ, ಎಡಸುರುಳಿಯದು, ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿದೆ, ಕೋಳಿ ಕೂರುತ್ತವೆ ಎಂದ. ಅಳತೆ? ಅದೇ ಅಳತೆ ಎಂದ. ಅದೇ ಮನೆಯ ಗಾಣವಲ್ಲವೇ.

ಹೀಗೆ ನಿಂಗಾಜವ್ವ ಗಂಡನಿಗೆ ಒಗೆದ ಪಂಚೆ ಉಡಿಸಿ, ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ, ಬಾಳೆಹಣ್ಣು, ಅರಿಶಿನ ಕುಂಕುಮ, ಹೂವು ಇಟ್ಟುಕೊಂಡು, ಈರಾಜಿಯನ್ನು ಜೊತೆಗೆ ಕರೆದುಕೊಂಡು, ಸೋಗೆಪುರದ ಪಟೇಲರ ಮನೆಗೆ ಹೆಣ್ಣು ಕೇಳಲು ಹೋದಳು.

ಚೌಡೇಗೌಡರಿಗೆ ಐದು ಜನ ಗಂಡುಮಕ್ಕಳು. ಹೆಣ್ಣುಮಗು ಒಂದೂ ಇಲ್ಲ. ಗೌಡತಿ ದೇವೀರವ್ವ ಪ್ರತಿ ಸಲ ಹೆಣ್ಣು ಹೆಣ್ಣು ಎಂದು ಹರಕೆ ಹೊತ್ತು, ಪ್ರತಿ ಸಲ ಗಂಡು ಹೆತ್ತು, ಕೊನೆಗೆ ದೇವರ ಜೊತೆ ಮಾತು ಬಿಟ್ಟಿದ್ದಳು. ಊರವರ ಹೆಣ್ಣುಮಕ್ಕಳಿಗೆ ಜಡೆ ಹಾಕಿ ಕಳಿಸುವುದೇ ಅವಳ ಹಬ್ಬ. ಅಂಥವಳ ಬಾಗಿಲಿಗೆ ತಟ್ಟೆ ಹಿಡಿದು ಮೂವರು ಬಂದು, ನಿಮ್ಮನೆ ಹೆಣ್ಣು ಕೇಳೋಕೆ ಬಂದಿದ್ದೀವಿ ಅಂದರು.

ಗೌಡತಿ ಅಲ್ಲೇ ಕಂಬ ಹಿಡಿದು ನಿಂತಳು. ಆಮೇಲೆ ಒಳಗೆ ಓಡಿ ಚಾಪೆ ತಂದಳು, ಮತ್ತೆ ಓಡಿ ಪಾನಕ ತಂದಳು, ಮತ್ತೆ ಓಡಿ ಏನು ತರಬೇಕೆಂದು ತಿಳಿಯದೆ ಬರಿಗೈಯಲ್ಲಿ ಬಂದಳು. ಹೆಣ್ಣು ಯಾವುದು ಎಂದು ಕೇಳುವುದನ್ನೇ ಮರೆತಳು ಅಂತಾರೆ. ಕೇಳಿದ್ದು ಗೌಡರು.

ನಿಂಗಾಜವ್ವ ಕೊಟ್ಟಿಗೆಯ ಕಡೆ ಕೈ ತೋರಿಸಿ ಎಲ್ಲ ಹೇಳಿದಳು. ಗೌಡರ ಮೀಸೆ ನಿಮಿರಿತು. ಬುದ್ಧಿವಂತರು, ಬೇಗ ಅರ್ಥವಾಯಿತು. ಆ ಉರುಳೆ ಹೋದರೆ ತೊರೆ ಪಕ್ಕದ ಭೂಮಿಯೂ ಹೋದಂತೆ.

"ಅದು ಕೋಳಿ ಕೂರೋ ಕೊರಡು. ಕೊಡಕಾಗಲ್ಲ" ಎಂದರು.

"ಏನಂದ್ರಿ?" ಎಂದಳು ಗೌಡತಿ.

"ಮರದ ತುಂಡು ಕಣೆ ಅದು!"

"ಐದು ಹೆತ್ತಿದ್ದೀನಿ. ಅವ್ರಲ್ಲಿ ಮರದ ತುಂಡು ಅಲ್ಲದೆ ಇರೋನು ಯಾವನು ಹೇಳಿ ನೋಡೋಣ? ಈ ಮನೆಗೆ ಬಂದಾಗಿಂದ ಕಾಯ್ತಾ ಇವ್ನಿ, ಹೆಣ್ಣು ಕೇಳ್ಕೊಂಡು ಬಂದೋರು ಇವ್ರೇ ಮೊದ್ಲು. ತಟ್ಟೆ ಹಿಡ್ಕೊಂಡು ಬಂದೋರ್ನ ಬರಿಗೈಲಿ ಕಳ್ಸಿದ್ರೆ ನಾಳೆಯಿಂದ ಒಲೆ ನೀವೇ ಹಚ್ಕಳಿ."

ಗೌಡರು ಮೆತ್ತಗಾದರೂ ಪೂರ್ತಿ ಸೋಲಲಿಲ್ಲ. ಹೆಣ್ಣಿನ ಕಡೆಯವರಾದ ಮೇಲೆ ಗಂಡಿನ ಕಡೆ ವಿಚಾರಿಸಬೇಕಲ್ಲ ಎಂದು ದ್ಯಾವಣ್ಣನ ಕಡೆ ತಿರುಗಿ, ನಿಮ್ಮ ಹುಡುಗನ ನಡತೆ ಹೇಗೆ ಎಂದು ಕೆಣಕಿದರು. ದ್ಯಾವಣ್ಣ ಗಂಟಲು ಸರಿಮಾಡಿಕೊಂಡ. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು.

"ಕುಡಿಯಕಿಲ್ಲ. ಜೂಜಿಲ್ಲ. ಮನೆ ಬುಟ್ಟು ಆಚೆ ಹೋಗಕಿಲ್ಲ" ಎಂದ.

ಗೌಡತಿ ಅಲ್ಲೇ ತಟ್ಟೆ ಬದಲಾಯಿಸಿಬಿಟ್ಟಳು. ಆದರೆ ಗೌಡರು ಒಂದು ಮಾತು ಉಳಿಸಿಕೊಂಡರು. ಮದುವೆ ದಿನ ಬಂದು ಗಂಡಿನ ಮನೆ ನೋಡುತ್ತೇನೆ, ಹೆಣ್ಣು ಬಾಳುವ ಹಾಗಿದ್ದರೆ ಮಾತ್ರ ಧಾರೆ, ಇಲ್ಲವಾದರೆ ಹೆಣ್ಣನ್ನು ಗಾಡಿಗೆ ಹಾಕಿಕೊಂಡು ವಾಪಸು ಬರುತ್ತೇನೆ ಎಂದರು. ನಿಂಗಾಜವ್ವ ಆಗಲಿ ಸ್ವಾಮಿ ಎಂದಳು. ದಾರಿಯಲ್ಲಿ ಮಾತ್ರ ಅವಳು ಒಂದು ಮಾತೂ ಆಡಲಿಲ್ಲವಂತೆ. ಈರಾಜಿಗೆ ಅದೇ ದಿಗಿಲು.

ಮದುವೆಯ ದಿನ ಬಂತು. ಸೀಮೆಗೆ ಸೀಮೆಯೇ ಬಂತು. ಹಗ್ಗ ಬಂತು, ತೆಂಗಿನ ಗರಿ ಬಂತು, ಕಂಬಕ್ಕೆ ಮರ ಬಂತು, ಕಮ್ಮಾರನಿಂದ ಕಬ್ಬಿಣದ ಪಟ್ಟಿ ಬಂತು. ಈ ಕಬ್ಬು ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಜೋಡೆತ್ತು ಬಂತು. ಏನೂ ಇಲ್ಲದವರು ಗುದ್ದಲಿ ಹಿಡಿದು ಬಂದು, ನಮ್ಮ ಮುಯ್ಯಿ ಇದೇ ಎಂದು ಒಲೆಯ ಗುಂಡಿ ತೋಡಿದರು. ಒಬ್ಬ ಮಾತ್ರ ಹುಂಜ ತಂದಿದ್ದ. ಹುಂಜ ಗಾಣ ಎಳೆಯುತ್ತದಾ ಎಂದು ಈರಾಜಿ ರೇಗಿಸಿದಳು. ನೀನು ಕೊಟ್ಟಿದ್ದು ಹುಂಜವೇ, ನನಗೆ ಚೆನ್ನಾಗಿ ನೆನಪಿದೆ ಎಂದ ಅವನು ನಿಂಗಾಜವ್ವನಿಗೆ. ಆ ಸೀಮೆಯಲ್ಲಿ ನೆನಪಿದ್ದವನು ಅವನೊಬ್ಬನೇ. ಅವಳು ಹುಂಜವನ್ನು ಸಾರಿಗೆ ಕಳಿಸಿದಳು.

ಬೆಳಗಿನಿಂದ ಬಂದ ಕೈಗಳು ಸೇರಿ, ಬಿಸಿಲೇರುವಷ್ಟರಲ್ಲಿ ಬಯಲಲ್ಲಿ ಒಂದು ಆಲೆಮನೆ ಎದ್ದು ನಿಂತಿತ್ತು. ಚಪ್ಪರ ಎಂದು ಕಟ್ಟಿದ್ದೇ ಮಾಡಾಯಿತು. ಗಂಡಿಗೆ ಪೇಟ ಸುತ್ತಿ, ಬಾಸಿಂಗ ಕಟ್ಟಿ ನಿಲ್ಲಿಸಿದ್ದರು.

ಆಗ ಸೋಗೆಪುರದ ದಿಬ್ಬಣ ಬಂತು. ಗಾಡಿಯ ಮೇಲೆ ಹೆಣ್ಣು. ಗೌಡತಿ ಆ ಹಳೇ ಉರುಳೆಯನ್ನು ತೊಳೆದು, ಎಣ್ಣೆ ತಿಕ್ಕಿ, ತನ್ನ ಮದುವೆಯ ಸೀರೆ ಉಡಿಸಿ, ಬಳೆ ಕಟ್ಟಿ, ಹೂ ಮುಡಿಸಿ ತಂದಿದ್ದಳು. ಕೋಳಿ ಕೂರುತ್ತಿದ್ದ ಕೊರಡು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಹೆಂಗಸರು ಸೋಬಾನೆ ಎತ್ತಿದರು. ಗೌಡರ ಐದು ಗಂಡುಮಕ್ಕಳು ತಂಗಿಯನ್ನು ಹೆಗಲ ಮೇಲೆ ಹೊತ್ತು ತಂದರು.

ಚೌಡೇಗೌಡರು ಕೈ ಹಿಂದೆ ಕಟ್ಟಿಕೊಂಡು ಮನೆ ನೋಡಲು ಹೊರಟರು. ಜನ ಬಾಯಿ ಮುಚ್ಚಿಕೊಂಡು ಹಿಂದೆ ಹೋದರು. ಗೌಡರು ಮಾಡು ನೋಡಿದರು, ಮಳೆ ತಡೆಯುವಂತಿತ್ತು. ಎತ್ತಿನ ಬಾಯಿ ತೆರೆದು ಹಲ್ಲು ನೋಡಿದರು, ಎಳೆಯ ಎತ್ತು. ಹಗ್ಗ ಎಳೆದರು, ಕಿತ್ತು ಬರಲಿಲ್ಲ. ಗಂಡಿನ ಹಲ್ಲು ಸವರಿದರು, ತಮ್ಮ ಗಾಣದ್ದೇ ಕೆತ್ತನೆ, ಆಚಾರಿಯ ಕಡೆ ಕಣ್ಣು ಕೆಕ್ಕರಿಸಿದರು, ಆಚಾರಿ ಕಂಬದ ಹಿಂದೆ ಹೋದ. ಕೊನೆಗೆ ಒಲೆಯ ಹತ್ತಿರ ಬಂದರು. ಒಲೆ ದೊಡ್ಡದಾಗಿತ್ತು, ಚೆನ್ನಾಗಿತ್ತು. ಒಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇರಲಿಲ್ಲ.

ಕೊಪ್ಪರಿಗೆ ಎಲ್ಲಿ? ಸೀಮೆಯಲ್ಲಿ ಕೊಪ್ಪರಿಗೆ ಇದ್ದದ್ದೇ ಗೌಡರ ಮನೆಯಲ್ಲಿ. ಅದನ್ನು ಮುಯ್ಯಿ ಹಾಕುವಷ್ಟು ತಾಮ್ರ ಯಾರ ಮನೆಯಲ್ಲೂ ಇರಲಿಲ್ಲ. ನಿಂಗಾಜವ್ವನಿಗೂ ದಾರಿ ಹೊಳೆದಿರಲಿಲ್ಲ, ಅದಕ್ಕೇ ಅವಳು ದಾರಿಯುದ್ದಕ್ಕೂ ಸುಮ್ಮನಿದ್ದದ್ದು. ಚನ್ನಿಗ ನೆಲ ನೋಡಿದ. ಈರಾಜಿ, ಅಂಥ ಈರಾಜಿ, ಗಂಡನ ಪಂಚೆಯ ಅಂಚು ಹಿಡಿದುಕೊಂಡಳು.

ಗೌಡರಿಗೆ ಸಿಕ್ಕಿಬಿಟ್ಟಿತು. ಮೀಸೆಯ ಮೇಲೆ ಕೈ ಹೋಯಿತು. ಜನರ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಗುಡುಗಿದರು.

"ಹೆಂಗ್ರಯ್ಯ ಇದು? ಒಲೆ ಮೇಲೆ ಒಂದು ಪಾತ್ರೆ ಇಲ್ಲ! ನನ್ನ ಮಗಳು ಬೊಗಸೇಲಿ ಬೇಯಿಸ್ಬೇಕೇನು?"

ಅಂದುಬಿಟ್ಟರು. ಅಂದ ಮೇಲೆ ಅವರಿಗೇ ಕೇಳಿಸಿತು.

ವಾಲಗದವನ ಓಲಗ ಬಾಯಲ್ಲೇ ನಿಂತಿತು. ಸೋಬಾನೆ ನಿಂತಿತು. ಎತ್ತು ಮೆಲುಕು ನಿಲ್ಲಿಸಿತು ಅಂತಾರೆ. ನನ್ನ ಮಗಳು ಎಂದು ಚೌಡೇಗೌಡರ ಬಾಯಲ್ಲಿ ಆವರೆಗೆ ಬಂದಿರಲಿಲ್ಲ. ಬರುವುದಕ್ಕೆ ದಾರಿಯೇ ಇರಲಿಲ್ಲ. ಗೌಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗಂಡನ ಮುಖವನ್ನೇ ನೋಡುತ್ತ ನಿಂತಿದ್ದಳು. ನಿಂಗಾಜವ್ವ ಮೆಲ್ಲಗೆ ಹತ್ತಿರ ಬಂದಳು. ಮಾತಿನಲ್ಲಿ ಒಂಚೂರೂ ಕುಚೋದ್ಯ ಇರಲಿಲ್ಲವಂತೆ. ನನಗೆ ಇದನ್ನು ನಂಬುವುದು ಆನೆಯನ್ನು ನಂಬುವುದಕ್ಕಿಂತ ಕಷ್ಟ, ಆದರೂ ಹಾಗೇ ಹೇಳುತ್ತಾರೆ.

"ನಿಜ ಕಣಪ್ಪ. ಪಾತ್ರೆ ಪಗಡ ಹೆಣ್ಣಿನ ಕಡೆಯಿಂದ ಬರೋದಲ್ವಾ ಪದ್ಧತಿ? ನಾನು ಮಕ್ಕಳಿಲ್ದೋಳು, ನಂಗೇನು ಗೊತ್ತು. ನೀವೇ ಹೇಳಿ, ಮಗಳಿಗೆ ಏನು ಕೊಟ್ಟು ಕಳಿಸ್ತೀರಿ?"

ಗೌಡರು ಹಿರಿಮಗನನ್ನು ಕರೆದು ಕಿವಿಯಲ್ಲಿ ಏನೋ ಅಂದರು. ಐವರೂ ಸೋಗೆಪುರದ ದಾರಿ ಹಿಡಿದು ಓಡಿದರು. ತಿರುಗಿ ಬರುವಾಗ ಏರಿಯ ಮೇಲೆ ದೊಡ್ಡ ತಾಮ್ರದ ಆಮೆಯೊಂದು ಹತ್ತು ಕಾಲಲ್ಲಿ ನಡೆದು ಬರುವ ಹಾಗೆ ಕಂಡಿತು. ಐದು ಜನ ಕೊಪ್ಪರಿಗೆಯನ್ನು ಬೋರಲು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಗೌಡರ ಎರಡು ಕೊಪ್ಪರಿಗೆಗಳಲ್ಲಿ ಹೊಸದು ಅದು.

ಆಮೇಲೆ ಧಾರೆ. ಉರುಳೆಗೆ ಕೈ ಎಲ್ಲಿ? ಹಲ್ಲಿಗೆ ಹಲ್ಲು ಕೂಡಿಸಿ, ಅದರ ಮೇಲೆ ಗೌಡರೂ ಗೌಡತಿಯೂ ಹಾಲು ನೀರು ಎರೆದರು. ಎಳೆಯರ ಭೂಮಿಯ ಮಾತನ್ನು ಗೌಡರು ಮತ್ತೆ ಎತ್ತಲಿಲ್ಲ. ಮಗಳ ಮನೆಯ ಭೂಮಿ ಕೇಳುವ ಅಪ್ಪ ಎಲ್ಲಿದ್ದಾನೆ?

ಎತ್ತು ಕಟ್ಟಿದರು. ಚನ್ನಿಗ ಮೊದಲ ಕಬ್ಬು ಇಟ್ಟ. ಗಾಣ ಮೊದಲ ಸುತ್ತು ಹಾಕುವಾಗ ಕೀ ಎಂದು ಉದ್ದಕ್ಕೆ ಕೂಗಿತು. ತೌರು ಬಿಟ್ಟು ಬಂದವಳಲ್ಲವೇ, ಅಳುತ್ತಿದ್ದಾಳೆ ಎಂದಳು ಗೌಡತಿ. ಚೌಡೇಗೌಡರು ತಡೆಯಲಾರದೆ ಎದ್ದು ಹೋಗಿ, ಎಣ್ಣೆ ತರಿಸಿ, ತಾವೇ ಕೀಲಿಗೆ ಬಿಟ್ಟರು. ಅಳು ನಿಂತಿತು. ಹಾಲು ಬಂತು.

ಮೊದಲ ಕೊಪ್ಪರಿಗೆಯ ಬೆಲ್ಲ ಎಷ್ಟು ಕೆಂಪಗಿತ್ತೆಂದರೆ, ನಿಂಗಾಜವ್ವ ಅದನ್ನು ಎತ್ತಿ ಹಿಡಿದಾಗ ಹೊತ್ತು ಮುಳುಗಿತೆಂದು ಕೋಳಿಗಳು ಗೂಡಿಗೆ ಹೋದವು. ಎಳೆಯರ ಭೂಮಿ ಎಳೆಯರಲ್ಲೇ ಉಳಿಯಿತು. ಮಿಕ್ಕಿದ್ದ ಇನ್ನೊಬ್ಬ ಗಂಡನ್ನು ಏನು ಮಾಡುವುದು ಎಂದು ಕೇಳಿದರೆ ನಿಂಗಾಜವ್ವ, ಅವನಿಗೇನು ಅವಸರ, ಮೇಲಿನ ಕೊಪ್ಪಲಿನವರೂ ಕಬ್ಬು ಹಾಕುತ್ತಾರಂತೆ, ಅಲ್ಲಿಗೆ ಮನೆ ಅಳಿಯನಾಗಿ ಹೋಗಲಿ ಎಂದಳಂತೆ. ಹೋದ ಕೂಡ. ಅವನಿಗೆ ಹೆಣ್ಣು ಚೌಡೇಗೌಡರೇ ನಿಂತು ಹುಡುಕಿದರು.

ನಿಂಗಾಜವ್ವ ತೀರಿಕೊಂಡು ಯಾವ ಕಾಲವಾಯಿತೋ. ಸತ್ತಿಲ್ಲ, ಯಾವುದೋ ಮದುವೆಗೆ ಹೋಗಿದ್ದಾಳೆ ಅನ್ನುವವರೂ ಇದ್ದಾರೆ. ಆದರೆ ಅವಳು ಹಾಕಿಕೊಟ್ಟ ಪದ್ಧತಿ ಆ ಸೀಮೆಯಲ್ಲಿ ಈಗಲೂ ಇದೆ. ಯಾರಾದರೂ ಎಳೆಯರು ಕೂಡಿ ಹೊಸದಾಗಿ ಏನಾದರೂ ಶುರು ಮಾಡಿದರೆ, ಅದು ಎಣ್ಣೆ ಮಿಲ್ಲಾಗಲಿ, ಹಾಲು ತಣಿಸುವ ಟ್ಯಾಂಕಾಗಲಿ, ಟೊಮೆಟೊ ಇಡುವ ತಂಪು ಕೋಣೆಯಾಗಲಿ, ಮೊದಲು ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಾರೆ. ಸೀಮೆಯವರು ಬಂದು ಇಟ್ಟಿಗೆ, ವೈರು, ಪೈಪು, ಒಂದು ದಿನದ ಆಳು, ಹೀಗೆ ಮುಯ್ಯಿ ಹಾಕುತ್ತಾರೆ. ಯಂತ್ರದ ಒಂದು ಮುಖ್ಯ ಭಾಗ ಮಾತ್ರ, ಅದೇ ಕಸುಬಿನಲ್ಲಿ ಮೊದಲೇ ಬೇರು ಬಿಟ್ಟ ಹಳೇ ಕುಳವೊಬ್ಬನ ಮನೆಯಿಂದ ಬರಬೇಕು. ತಟ್ಟೆ ಹಿಡಿದು ಹೋಗಿ ಕೇಳಬೇಕು. ಅವನು ಅಲ್ಲಿಂದ ಬೀಗನಾಗುತ್ತಾನೆ, ಆಮೇಲೆ ಆ ಮನೆ ಹಾಳಾಗಲು ಅವನು ಬಿಡುವಂತಿಲ್ಲ. ಕೆಟ್ಟರೆ ಮೆಕಾನಿಕ್ ಕಳಿಸುತ್ತಾನೆ, ಗಿರಾಕಿ ಕಳಿಸುತ್ತಾನೆ, ಬಯ್ಯುತ್ತಾನೆ, ಬಂದು ಕೂತು ಕಾಫಿ ಕುಡಿದು ಎಲ್ಲವೂ ಸರಿ ಇದೆಯಾ ಎಂದು ಮೂಗು ತೂರಿಸುತ್ತಾನೆ.

ಒಬ್ಬ ಬ್ಯಾಂಕ್ ಮ್ಯಾನೇಜರು ಹೊಸದಾಗಿ ಬಂದವರು, ಇಂಥದೊಂದು ಮದುವೆಯಲ್ಲಿ, ಹೀಗೆ ಕೊಟ್ಟದ್ದಕ್ಕೆ ಜಾಮೀನು ಏನು ಎಂದು ಕೇಳಿದರಂತೆ. ಪಕ್ಕದಲ್ಲಿದ್ದ ಹೆಂಗಸೊಬ್ಬಳು, ನಿಮಗೆ ಹೆಣ್ಣುಮಕ್ಕಳಿದ್ದಾರಾ ಸಾರ್ ಎಂದು ಕೇಳಿದಳಂತೆ. ಅವರು ಇಬ್ಬರಿದ್ದಾರೆ ಎಂದರಂತೆ. ಆ ಮದುವೆಗೆ ಅವರೂ ಒಂದು ಫ್ಯಾನು ಮುಯ್ಯಿ ಹಾಕಿ ಊಟ ಮಾಡಿಕೊಂಡು ಹೋದರು.

ಗೌರಿ ಹಬ್ಬದ ದಿನ ನೀವು ಆ ಕಡೆ ಹೋದರೆ ನೋಡಬೇಕು. ಬೀಗರ ಮನೆಯಿಂದ ಸೀರೆ, ಬಳೆ, ಬಾಗಿನ ಬರುತ್ತದೆ. ಯಂತ್ರಕ್ಕೆ ಅರಿಶಿನ ಹಚ್ಚಿ, ಬಳೆ ಕಟ್ಟಿ, ಸ್ವಿಚ್ಚು ಆರಿಸಿ, ಬಾಗಿಲಿಗೆ ಬೀಗ ಹಾಕುತ್ತಾರೆ. ದೂರದಿಂದ ಲಾರಿ ತಂದ ವ್ಯಾಪಾರಿಗಳು ಬಾಗಿಲು ಬಡಿದು ಬಡಿದು ಸುಸ್ತಾದರೆ, ಪಕ್ಕದ ಮನೆಯ ಮುದುಕಿಯೊಬ್ಬಳು ಹೊರಗೆ ಬಂದು, ಇವತ್ತು ಏನೂ ನಡೆಯಲ್ಲ, ಮಗಳು ತೌರಿಗೆ ಹೋಗಿದ್ದಾಳೆ ಎನ್ನುತ್ತಾಳೆ. ಹೊರಗಿನವರು ತಲೆ ಕೆರೆದುಕೊಂಡು ಲಾರಿಯಲ್ಲಿ ಕೂತು ಕಾಯುತ್ತಾರೆ. ಗೊತ್ತಿದ್ದವರು, ಹೋಗಿ ಬರಲಿ ಪಾಪ ಎನ್ನುತ್ತಾರೆ.